ಕೋರ್ಟಿನ ಸ್ಟೆನೋ ಕೆಲಸ ಈಗಲೂ ಕಲಿಯಬೇಕಾ? ಮುಂಬಯಿಯಲ್ಲಿ ಮಾಡಿದವರು ಇದ್ದರೆ ಹೇಳಿ

ಭಾಂಡುಪ್ ಹುಡುಗಿ

ಎಲ್ಲರಿಗೂ ನಮಸ್ಕಾರ. ಊರು ಕುಂದಾಪುರದ ಕಡೆ, ಆದರೆ ನಾನು ಹುಟ್ಟಿ ಬೆಳೆದದ್ದೆಲ್ಲ ಭಾಂಡುಪ್‌ನಲ್ಲೇ. ಬಿ.ಕಾಂ. ಮುಗಿದಿದೆ. ಇಂಗ್ಲಿಷ್ ಶಾರ್ಟ್‌ಹ್ಯಾಂಡ್ 80 ಸ್ಪೀಡ್ (ನಿಮಿಷಕ್ಕೆ 80 ಪದ) ಪಾಸಾಗಿದೆ, 100ಕ್ಕೆ ತಯಾರಿ ನಡೆಯುತ್ತಿದೆ. ಕೋರ್ಟಿನಲ್ಲಿ ಸ್ಟೆನೋ ಆಗಬೇಕು ಎಂದು ಆಸೆ.

ಮನೆಯಲ್ಲಿ ಅಣ್ಣ ಮಾತ್ರ ಒಪ್ಪುತ್ತಿಲ್ಲ. ಮೊಬೈಲೇ ಮಾತು ಕೇಳಿ ಟೈಪ್ ಮಾಡುವ ಕಾಲದಲ್ಲಿ ಗೆರೆ ಎಳೆಯುವುದನ್ನು ಯಾಕೆ ಕಲಿಯುತ್ತೀಯ ಎನ್ನುತ್ತಾನೆ. ಯೂಟ್ಯೂಬ್ ತೆರೆದರೆ ಅಮೆರಿಕದ ಕೋರ್ಟ್ ರಿಪೋರ್ಟರ್‌ಗಳ ವಿಡಿಯೋಗಳೇ ಜಾಸ್ತಿ. ಅವರ ಮುಂದೆ ಒಂದು ಸಣ್ಣ ಯಂತ್ರ ಇರುತ್ತದೆ, ಯಾರು ಏನೇ ಆಡಿದರೂ ಒಂದಕ್ಷರ ಬಿಡದೆ ಹೊಡೆಯುತ್ತಾರೆ. ನಮ್ಮ ಕೋರ್ಟಿನಲ್ಲೂ ಹಾಗೇನಾ?

ನನಗೆ ತಿಳಿಯಬೇಕಾದದ್ದು ಇಷ್ಟು. ಕೋರ್ಟ್ ಹಾಲ್ ಒಳಗೆ ಸ್ಟೆನೋ ನಿಜವಾಗಿ ಏನು ಮಾಡುತ್ತಾರೆ? ಹಾಲ್‌ನಿಂದ ಹೊರಗೆ ಬಂದ ಮೇಲೆ ಕೆಲಸ ಮುಗಿಯುತ್ತದಾ? ಇಡೀ ದಿನ ಕೊಲೆ, ಅತ್ಯಾಚಾರದ ಮಾತು ಕೇಳಿ ಮನೆಗೆ ಬರುವುದು ಹೇಗೆ? ಮತ್ತೆ, ಇನ್ನು ಹತ್ತು ವರ್ಷ ಈ ಕೆಲಸ ಇರುತ್ತದಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಠಾಣೆ ಟೆಕ್

ನಿಮ್ಮ ಅಣ್ಣ ಹೇಳಿದ್ದರಲ್ಲಿ ಸತ್ಯ ಇದೆ. ನಮ್ಮ ಮಹಾರಾಷ್ಟ್ರದ ಶಿವಸೇನೆ ಕೇಸ್ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ ನಡೆದಾಗಲೇ, 2023ರ ಫೆಬ್ರವರಿ 21ರಂದು, ಎಐ ವಾದವನ್ನು ಕೇಳಿ ಆಗಿಂದಾಗಲೇ ಪರದೆ ಮೇಲೆ ಬರೆದು ತೋರಿಸಿತು. ಕೇರಳ ಹೈಕೋರ್ಟ್ ತನ್ನ ಕೆಳಗಿನ ಕೋರ್ಟುಗಳಿಗೆ ಸಾಕ್ಷಿಗಳ ಹೇಳಿಕೆ ದಾಖಲಿಸಲು ಇಂಥದ್ದೇ ಸಾಧನ ಬಳಸಿ ಎಂದು ಹೇಳಿದೆ, 2025ರ ನವೆಂಬರ್ 1ರಿಂದ. ಮಹಾರಾಷ್ಟ್ರಕ್ಕೂ ಬಂದೇ ಬರುತ್ತದೆ. ಸರ್ಕಾರಿ ಕೆಲಸ ಸಿಕ್ಕರೆ ಬಿಡಬೇಡಿ, ಆದರೆ ಜೊತೆಗೆ ಬೇರೆ ಏನನ್ನಾದರೂ ಕಲಿತಿಡಿ ಎನ್ನುತ್ತೇನೆ.

ಕಾಲಾಘೋಡಾ ಅಕ್ಕ

ಮಗಳೇ, ನಾನು ಇದೇ ಕೆಲಸದಲ್ಲಿದ್ದು ನಿವೃತ್ತಳಾದವಳು. ಕಾಲಾಘೋಡಾದ ಸಿಟಿ ಸಿವಿಲ್ ಮತ್ತು ಸೆಷನ್ಸ್ ಕೋರ್ಟಿನಲ್ಲಿ ಸಿವಿಲ್ ಕಡೆಯೂ ಕೂತಿದ್ದೇನೆ, ಕ್ರಿಮಿನಲ್ ಕಡೆಯೂ ಕೂತಿದ್ದೇನೆ. ಉದ್ದವಾಗಿ ಬರೆಯುತ್ತೇನೆ, ಪುರುಸೊತ್ತಿನಲ್ಲಿ ಓದು.

ಮೊದಲು ಆ ಅಮೆರಿಕದ ವಿಡಿಯೋ ಪಕ್ಕಕ್ಕಿಡು. ಅಲ್ಲಿ ರಿಪೋರ್ಟರ್ ಆಡಿದ ಮಾತನ್ನೆಲ್ಲ ಇದ್ದ ಹಾಗೇ ತೆಗೆದುಕೊಳ್ಳುತ್ತಾರೆ. ನಮ್ಮ ಟ್ರಯಲ್ ಕೋರ್ಟಿನ ಪದ್ಧತಿಯೇ ಬೇರೆ. ಕಟಕಟೆಯಲ್ಲಿ ನಿಂತ ಸಾಕ್ಷಿ ಮರಾಠಿಯಲ್ಲೋ ಹಿಂದಿಯಲ್ಲೋ ಹೇಳುತ್ತಾನೆ. ಜಡ್ಜ್ ಸಾಹೇಬರು ವಕೀಲರ ಪ್ರಶ್ನೆಯನ್ನೂ ಸಾಕ್ಷಿಯ ಉತ್ತರವನ್ನೂ ಸೇರಿಸಿ, ಒಂದು ವಾಕ್ಯ ಮಾಡಿ, ಇಂಗ್ಲಿಷಿನಲ್ಲಿ ಡಿಕ್ಟೇಟ್ ಮಾಡುತ್ತಾರೆ. ಕಾಗದದ ಮೇಲೆ ಬರುವುದು ಆ ವಾಕ್ಯ. ವಕೀಲರು 'ಆ ದಿನ ನೀನು ಅಂಗಡಿಯಲ್ಲಿ ಇರಲೇ ಇಲ್ಲ, ಅಲ್ವಾ?' ಎಂದು ಕೇಳಿದರು, ಸಾಕ್ಷಿ 'ಇದ್ದೆ ಸಾಹೇಬ್' ಎಂದ ಎಂದಿಟ್ಟುಕೋ. ದಾಖಲೆಯಲ್ಲಿ 'ಆ ದಿನ ನಾನು ಅಂಗಡಿಯಲ್ಲಿ ಇರಲಿಲ್ಲ ಎಂಬುದು ನಿಜವಲ್ಲ' ಎಂದಿರುತ್ತದೆ. ಹೊಸದಾಗಿ ಬಂದವರಿಗೆ ಇದು ವಿಚಿತ್ರ ಅನಿಸುತ್ತದೆ. ಕ್ರಾಸ್, ಅಂದರೆ ಎದುರು ಪಕ್ಷದ ವಕೀಲರು ಮಾಡುವ ಪಾಟೀಸವಾಲು, ಪೂರ್ತಿ ಹೀಗೇ ಹೋಗುತ್ತದೆ, ಪುಟಗಟ್ಟಲೆ.

ಇದು ಯಾರೋ ಸುಮ್ನೆ ಮಾಡಿಕೊಂಡ ರೂಢಿ ಅಲ್ಲ. ಸೆಷನ್ಸ್ ಕೇಸಿನಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ನಿರೂಪಣೆಯ ರೂಪದಲ್ಲೇ ಬರೆದುಕೊಳ್ಳಬೇಕು ಎಂದು ಕಾನೂನೇ ಹೇಳುತ್ತದೆ. ಮೊದಲು ಅದು ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ ಸಿಆರ್‌ಪಿಸಿಯ 276ನೇ ಕಲಂನಲ್ಲಿತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 311. ಯಾವುದಾದರೂ ಭಾಗ ಪ್ರಶ್ನೆ-ಉತ್ತರವಾಗಿಯೇ ಇರಲಿ ಅನಿಸಿದರೆ ಜಡ್ಜ್ ಹಾಗೂ ತೆಗೆದುಕೊಳ್ಳಬಹುದು. ಸಿವಿಲ್ ಕೇಸಿನಲ್ಲಿ 2002ರ ತಿದ್ದುಪಡಿ ಬಂದ ಮೇಲೆ ಮುಖ್ಯ ವಿಚಾರಣೆಯನ್ನು, ಅಂದರೆ ಸಾಕ್ಷಿಯನ್ನು ಕರೆಸಿದ ಕಡೆಯವರ ಪರವಾದ ಹೇಳಿಕೆಯನ್ನು, ಅಫಿಡವಿಟ್‌ನಲ್ಲೇ ಬರೆದು ಕೊಡುತ್ತಾರೆ. ನಿನ್ನ ಕೈಗೆ ಕೆಲಸ ಬರುವುದು ಕ್ರಾಸ್‌ನಲ್ಲಿ.

ಹಾಗಾದರೆ ಡಿಕ್ಟೇಷನ್ ತೆಗೆದುಕೊಂಡರೆ ಮುಗಿಯಿತಲ್ಲ, ಅದರಲ್ಲೇನಿದೆ ಎಂದು ಕೇಳಬಹುದು. ನಮ್ಮ ಕೋರ್ಟ್ ಇರುವುದು ಹಳೆಯ ಸೆಕ್ರೆಟರಿಯೇಟ್ ಕಟ್ಟಡದಲ್ಲಿ. ಚಾವಣಿ ಎಲ್ಲೋ ಮೇಲೆ. ಫ್ಯಾನಿನ ಸದ್ದು, ಹೊರಗಿನ ರಸ್ತೆಯ ಹಾರ್ನ್, ಬಾಗಿಲ ಬಳಿ ಪಟ್ಟೇವಾಲಾ (ಕೋರ್ಟಿನ ಜವಾನ) ಹೆಸರು ಕೂಗುವುದು, ಹಿಂದಿನ ಬೆಂಚಿನಲ್ಲಿ ಮುಂದಿನ ಕೇಸಿನವರ ಪಿಸುಮಾತು. ಇದರ ನಡುವೆ ಜಡ್ಜ್ ಒಂದು ವಾಕ್ಯ ಶುರು ಮಾಡಿರುತ್ತಾರೆ, ಅಷ್ಟರಲ್ಲಿ ವಕೀಲರು ಎದ್ದು ಅಬ್ಜೆಕ್ಷನ್ ಎನ್ನುತ್ತಾರೆ, ಎದುರಿನವರೂ ಏಳುತ್ತಾರೆ. ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ. ಎರಡು ನಿಮಿಷ ಬಿಟ್ಟು ಜಡ್ಜ್ 'ಎಲ್ಲಿಗೆ ನಿಲ್ಲಿಸಿದ್ದೆ?' ಎಂದು ನಿನ್ನ ಕಡೆ ತಿರುಗುತ್ತಾರೆ. ತಡವರಿಸದೆ ಓದಬೇಕು. ಅವರು ವಾಪಸ್ ತೆಗೆದುಕೊಂಡ ಮಾತು ಯಾವುದು, ಉಳಿಸಿದ್ದು ಯಾವುದು ಎಂದು ನಿನಗೆ ಗೊತ್ತಿರಬೇಕು.

ನೀನು ಪಿಟ್‌ಮನ್ ಪದ್ಧತಿಯ ಶಾರ್ಟ್‌ಹ್ಯಾಂಡ್ ಕಲಿತವಳು, ನಿನಗೆ ಅರ್ಥವಾಗುತ್ತದೆ. ಪಿ ಮತ್ತು ಬಿ ಒಂದೇ ಗೆರೆ. ತೆಳ್ಳಗೆ ಎಳೆದರೆ ಪಿ, ಒತ್ತಿ ಎಳೆದರೆ ಬಿ. ಟಿ, ಡಿ ಕೂಡ ಹಾಗೇ. ಸ್ಪೀಡ್ ಹೆಚ್ಚಾದಂತೆ ಸ್ವರದ ಚುಕ್ಕೆಗಳನ್ನು ಬಿಟ್ಟುಬಿಡುತ್ತೇವೆ. ಪುಟದ ಗೆರೆಗಿಂತ ಮೇಲಕ್ಕೆ ಬರೆದೆಯಾ, ಆ ಗೆರೆಗೆ ತಾಗಿಸಿ ಬರೆದೆಯಾ, ಅದನ್ನು ಸೀಳಿ ಬರೆದೆಯಾ ಎಂಬುದರಿಂದ ಸ್ವರ ಊಹಿಸಬೇಕು. ಇದೆಲ್ಲ ಕ್ಲಾಸಿನಲ್ಲಿ ಹೇಳಿಕೊಡುತ್ತಾರೆ. ಕೋರ್ಟಿಗೆ ಬಂದ ಮೇಲೆ ನಾನು ಹೊಸಬರಿಗೆ ಹೇಳುತ್ತಿದ್ದದ್ದು ಒಂದೇ ಮಾತು: 'ನಾಟ್' ನೋಡಿಕೊಳ್ಳಿ. ಫ್ರೇಸ್, ಅಂದರೆ ಹಲವು ಪದಗಳನ್ನು ಒಂದೇ ಎಳೆತದಲ್ಲಿ ಕೂಡಿಸಿ, ಬರೆಯುವಾಗ 'ನಾಟ್' (ಇಲ್ಲ, ಅಲ್ಲ) ಎಂದರೆ ಗೆರೆಯ ತುದಿಗೊಂದು ಸಣ್ಣ ಕೊಕ್ಕೆ, ಗೆರೆಯ ಉದ್ದ ಅರ್ಧ. ಅಷ್ಟೇ. ಅವಸರದಲ್ಲಿ ಆ ಕೊಕ್ಕೆ ಬೀಳದೆ ಹೋದರೆ 'ನೋಡಿಲ್ಲ' ಎಂದವನು 'ನೋಡಿದೆ' ಎಂದ ಹಾಗಾಗುತ್ತದೆ. ಎದುರಿಗೆ ಕಟಕಟೆಯಲ್ಲಿ ನಿಂತವನ ಹತ್ತು ವರ್ಷ ಆ ಕೊಕ್ಕೆಯಲ್ಲಿ ಇರಬಹುದು. ಅದಕ್ಕೇ ನಾನು ಪೆನ್ಸಿಲ್ ಮೊಂಡಾಗಲು ಬಿಡುತ್ತಿರಲಿಲ್ಲ. ಪುಟದ ಎಡಕ್ಕೆ ಅಗಲವಾಗಿ ಜಾಗ ಬಿಟ್ಟು, ಅನುಮಾನ ಬಂದ ಸಾಲಿಗೆ ಅಲ್ಲೇ ಗುರುತು ಹಾಕಿ, ಜಡ್ಜ್ ಉಸಿರು ತೆಗೆದುಕೊಳ್ಳುವಾಗ ಕೇಳಿಬಿಡುತ್ತಿದ್ದೆ.

ಕೇಳುವುದು ಈ ಕೆಲಸದ ಅರ್ಧ ಭಾಗ. 'ಸರ್, ಕೇಳಿಸಲಿಲ್ಲ' ಎನ್ನಲು ಹೊಸಬರಿಗೆ ಬಾಯಿ ಬರುವುದಿಲ್ಲ. ಇಡೀ ಹಾಲ್ ತುಂಬ ಕರಿಕೋಟು, ಎದುರಿಗೆ ಜಡ್ಜ್, ನೀನು ಕೆಳಗೆ ಕೂತಿರುತ್ತೀಯ. ಗದರುತ್ತಾರೇನೋ ಎಂಬ ಹೆದರಿಕೆ. ಗದರುವವರೂ ಇದ್ದಾರೆ. ಆದರೂ ಕೇಳಲೇಬೇಕು. ಊಹಿಸಿ ಬರೆಯುವ ಹಕ್ಕು ನಮಗಿಲ್ಲ. ವಾಕ್ಯವನ್ನು ಚೆಂದ ಮಾಡುವ ಹಕ್ಕೂ ಇಲ್ಲ. ಸಾಕ್ಷಿ ಅತ್ತರೆ ಅದನ್ನು ನೀನಾಗಿ ಬರೆಯುವ ಹಾಗಿಲ್ಲ. ಸಾಕ್ಷಿಯ ನಡವಳಿಕೆ ಬಗ್ಗೆ ಟಿಪ್ಪಣಿ ಬೇಕೆನಿಸಿದರೆ ಜಡ್ಜ್ ಬರೆಸುತ್ತಾರೆ, ಅದಕ್ಕೂ ಬೇರೆ ಕಲಂ ಇದೆ. ಅವರು ಬರೆಸದಿದ್ದರೆ ಆ ಅಳು ಕಾಗದದಲ್ಲಿ ಇರುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು.

ಇನ್ನೊಂದು, ಎಕ್ಸಿಬಿಟ್ ನಂಬರು, ಅಂದರೆ ಕೋರ್ಟಿನಲ್ಲಿ ಹಾಜರುಪಡಿಸಿದ ಕಾಗದಗಳಿಗೆ ಕೊಡುವ ನಂಬರು. ವಸ್ತುವಾದರೆ ಆರ್ಟಿಕಲ್ ಎನ್ನುತ್ತೇವೆ. ಯಾವ ಪಂಚನಾಮೆ ಯಾವ ಎಕ್ಸಿಬಿಟ್, ಯಾವ ಚಾಕು ಯಾವ ಆರ್ಟಿಕಲ್ ಎಂಬುದರಲ್ಲಿ ಒಂದಂಕಿ ತಪ್ಪಿದರೂ ಮುಂದೆ ಅಪೀಲಿನಲ್ಲಿ ಕಾಗದ ತಾಳೆಯಾಗುವುದಿಲ್ಲ. ಪೊಲೀಸರ ಮುಂದೆ ಹೇಳಿದ್ದಕ್ಕೂ ಕೋರ್ಟಿನಲ್ಲಿ ಹೇಳಿದ್ದಕ್ಕೂ ವ್ಯತ್ಯಾಸ ಬಂದಾಗ ವಕೀಲರು ಹಳೆ ಹೇಳಿಕೆಯ ಆ ಸಾಲನ್ನು ಓದಿ ತೋರಿಸುತ್ತಾರೆ. ಆಗ 'ಪೋರ್ಷನ್ ಮಾರ್ಕ್ಡ್ ಎ' ಎಂದು ಗುರುತು ಬೀಳುತ್ತದೆ. ಆ ಗುರುತು ಯಾವ ಪದದಿಂದ ಯಾವ ಪದದವರೆಗೆ ಎಂಬುದು ಮುಖ್ಯ.

ಈಗ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುವ ವಿಷಯ ಹೇಳುತ್ತೇನೆ. ಹೇಳಿಕೆ ಪೂರ್ತಿಯಾದ ಮೇಲೆ ಅದನ್ನು ಸಾಕ್ಷಿಗೆ ಓದಿ ಹೇಳಬೇಕು. ಆರೋಪಿ ಅಥವಾ ಅವನ ವಕೀಲರು ಇರುವಾಗಲೇ ಓದಬೇಕು. ದಾಖಲೆ ಇಂಗ್ಲಿಷಿನಲ್ಲಿದ್ದು ಸಾಕ್ಷಿಗೆ ಅದು ಬಾರದಿದ್ದರೆ ಅವನಿಗೆ ತಿಳಿಯುವ ಭಾಷೆಯಲ್ಲಿ ಬಿಡಿಸಿ ಹೇಳಬೇಕು. ಬಿಎನ್‌ಎಸ್‌ಎಸ್ 313, ಹಳೆಯ 278. ಸಂಜೆ ಐದರ ಹೊತ್ತಿಗೆ ಎಲ್ಲರಿಗೂ ಲೋಕಲ್ ಹಿಡಿಯುವ ಅವಸರ. ಸಾಕ್ಷಿಗೂ ಒಮ್ಮೆ ಇಲ್ಲಿಂದ ಹೋದರೆ ಸಾಕಾಗಿರುತ್ತದೆ. 'ಬರಾಬರ್ ಆಹೆ' (ಸರಿಯಾಗಿದೆ) ಎಂದು ಸಹಿ ಹಾಕಿ ನಡೆದುಬಿಡುತ್ತಾರೆ. ಅಲ್ಲಿ ಅವಸರ ಮಾಡಬಾರದು.

ಪರಳದ ಕಡೆಯ ಒಂದು ಚಾಳಿನಿಂದ ವಯಸ್ಸಾದ ಹೆಂಗಸೊಬ್ಬರು ಸಾಕ್ಷಿಯಾಗಿ ಬಂದಿದ್ದರು. ರಾತ್ರಿ ಮೆಟ್ಟಿಲ ಹತ್ತಿರ ಹೊಡೆದಾಟ, ಅದರಲ್ಲಿ ಒಬ್ಬ ಸತ್ತಿದ್ದ. ಗುರುತು ಹಿಡಿದವರು ಇವರೊಬ್ಬರೇ. ಬೆಳಗಿಂದ ನಿಂತು ನಿಂತು ಅವರ ಕಾಲು ಊದಿತ್ತು, ಜಡ್ಜ್ ಕುರ್ಚಿ ಕೊಡಿಸಿದ್ದರು. ಸಂಜೆ ಮರಾಠಿಯಲ್ಲಿ ನಿಧಾನವಾಗಿ ಓದಿ ಹೇಳುತ್ತಿದ್ದೆವು. ಮೆಟ್ಟಿಲ ಮೇಲಿನ ಬಲ್ಬ್ ಉರಿಯುತ್ತಿತ್ತು ಎಂಬ ಸಾಲು ಬಂತು. ಅವರು ಕೈ ಎತ್ತಿ ನಿಲ್ಲಿಸಿದರು. ಮೆಟ್ಟಿಲ ಬಲ್ಬ್ ಹೋಗಿ ತಿಂಗಳಾಗಿತ್ತು, ಉರಿಯುತ್ತಿದ್ದದ್ದು ಎದುರು ಮನೆ ಬಾಗಿಲ ಮೇಲಿನದು, ನಾನು ಅದನ್ನೇ ಹೇಳಿದ್ದು ಎಂದರು. ಇಬ್ಬರು ವಕೀಲರೂ ಒಟ್ಟಿಗೆ ಎದ್ದು ನಿಂತರು. ಯಾವ ಬಲ್ಬ್ ಎಂಬುದರ ಮೇಲೆ ಮುಖ ಕಂಡಿತೋ ಇಲ್ಲವೋ ಎಂಬುದು ನಿಂತಿತ್ತು. ಸಾಕ್ಷಿ ಹೀಗೆ ಸರಿಯಲ್ಲ ಎಂದಾಗ ಜಡ್ಜ್ ಹೇಳಿಕೆಯನ್ನು ತಿದ್ದಿಸಬಹುದು, ಇಲ್ಲವೇ ಸಾಕ್ಷಿಯ ಆಕ್ಷೇಪವನ್ನು ಬೇರೆ ಟಿಪ್ಪಣಿಯಾಗಿ ಬರೆಸಿ ತಮ್ಮ ಅಭಿಪ್ರಾಯವನ್ನೂ ಸೇರಿಸಬಹುದು. ಅವತ್ತು ಟಿಪ್ಪಣಿ ಬರೆಸಿದರು. ಆ ಕೇಸು ಏನಾಯಿತು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಆದರೆ ಅವಸರದಲ್ಲಿ ಓದಿದ್ದರೆ ಆ ಅಜ್ಜಿಯ ಮಾತು ಆಕೆಯದಲ್ಲದ ಮಾತಾಗಿ ಹೈಕೋರ್ಟ್‌ವರೆಗೆ ಹೋಗುತ್ತಿತ್ತು.

ಹೊರಗಿನ ಕೆಲಸ ಕೇಳಿದೆ. ಕೋರ್ಟ್ ಎದ್ದ ಮೇಲೆ ಚೇಂಬರ್ ಕೆಲಸ ಶುರು. ಹಾಲ್‌ನಲ್ಲಿ ತೆಗೆದುಕೊಂಡ ಆರ್ಡರ್‌ಗಳನ್ನು ಟೈಪ್ ಮಾಡಬೇಕು, ಜಡ್ಜ್ ತಿದ್ದಿದ್ದನ್ನು ಮತ್ತೆ ಹೊಡೆಯಬೇಕು, ಅಪ್‌ಲೋಡ್‌ಗೆ ಕೊಡಬೇಕು. ದೊಡ್ಡ ಜಡ್ಜ್‌ಮೆಂಟ್ ಆದರೆ ವಾರಗಟ್ಟಲೆ ಡಿಕ್ಟೇಷನ್. ಗಣಪತಿ ಹಬ್ಬದ ಮುನ್ನಾದಿನವೂ ರಾತ್ರಿಯವರೆಗೆ ಕೂತದ್ದಿದೆ.

ಬೇಲ್ ಆರ್ಡರ್ ಬಗ್ಗೆ ಒಂದು ಮಾತು. ಬೇಲ್ ಕೊಟ್ಟೆ ಎಂದು ಜಡ್ಜ್ ಹೇಳಿದ ಕೂಡಲೇ ಮನುಷ್ಯ ಹೊರಗೆ ಬರುವುದಿಲ್ಲ. ಆರ್ಡರ್ ಟೈಪ್ ಆಗಬೇಕು, ಸಹಿ ಬೀಳಬೇಕು, ಶ್ಯೂರಿಟಿ (ಜಾಮೀನುದಾರ) ಆಗಬೇಕು, ಬಿಡುಗಡೆ ಕಾಗದ ಜೈಲಿಗೆ ಮುಟ್ಟಬೇಕು. ಆರ್ಥರ್ ರೋಡ್ ಜೈಲಿನ ಹೊರಗೆ ಬೇಲ್ ಬಾಕ್ಸ್ ಇದೆ. ಸಂಜೆ 5.30ರ ಒಳಗೆ ಕಾಗದ ಅದರಲ್ಲಿ ಬೀಳಬೇಕು ಎಂಬ ಲೆಕ್ಕವನ್ನು 2021ರ ಅಕ್ಟೋಬರ್‌ನಲ್ಲಿ ಒಬ್ಬ ಸಿನಿಮಾ ನಟನ ಮಗನ ಕೇಸಿನಲ್ಲಿ ಇಡೀ ದೇಶ ಟಿವಿಯಲ್ಲಿ ನೋಡಿತು. ಬಡವರ ಮಕ್ಕಳಿಗೂ ಅದೇ ಪೆಟ್ಟಿಗೆ, ಅದೇ ಹೊತ್ತು. ಅವರಿಗೆ ಕ್ಯಾಮೆರಾ ಇರುವುದಿಲ್ಲ, ಅಷ್ಟೇ. ಸುಪ್ರೀಂ ಕೋರ್ಟ್ 2022ರ ಮಾರ್ಚ್‌ನಲ್ಲಿ ತನ್ನ ಆದೇಶಗಳನ್ನು ಎಲೆಕ್ಟ್ರಾನಿಕ್ ಆಗಿ ಕಳಿಸುವ ಫಾಸ್ಟರ್ ಎಂಬ ವ್ಯವಸ್ಥೆ ತಂದಿತು, ಒಳ್ಳೆಯದೇ. ಆದರೂ ಮೊದಲು ಯಾರೋ ಕೂತು ಆ ಆರ್ಡರನ್ನು ತಪ್ಪಿಲ್ಲದೆ ಹೊಡೆಯಬೇಕು ತಾನೆ? ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಜೈಲಿನವರು ಕಾಗದ ವಾಪಸ್ ಕಳಿಸಬಹುದು. ಬಾಗಿಲ ಹೊರಗೆ ತಾಯಿಯೊಬ್ಬಳು ಕಾಯುತ್ತಿರುವಾಗ ಊಟದ ಡಬ್ಬಿ ತೆರೆಯಲು ನನಗೆ ಮನಸ್ಸು ಬರುತ್ತಿರಲಿಲ್ಲ. ಆರ್ಡರ್ ಮುಗಿಸಿಯೇ ಊಟ.

ಗುಟ್ಟು ಕಾಯುವುದೂ ಹೊರಗಿನ ಕೆಲಸವೇ. ತೀರ್ಪು ಏನೆಂದು ಜಡ್ಜ್ ಬಿಟ್ಟರೆ ಮೊದಲು ಗೊತ್ತಾಗುವುದು ಸ್ಟೆನೋಗೆ. ಕಾರಿಡಾರ್‌ನಲ್ಲಿ ಎರಡೂ ಕಡೆಯವರು ಎದುರಾಗುತ್ತಾರೆ, ಚಹಾ ಕುಡಿಸಲು ಬರುತ್ತಾರೆ, ಮುಖ ಓದಲು ನೋಡುತ್ತಾರೆ. ಯಾರ ಚಹಾವನ್ನೂ ಕುಡಿಯಬೇಡ. ಮನೆಯಲ್ಲೂ ಹೇಳಬೇಡ.

ಮನೆಗೆ ಹೇಗೆ ಬರುತ್ತೀರಿ ಎಂದು ಕೇಳಿದೆಯಲ್ಲ. ಮಕ್ಕಳ ಮೇಲಿನ ಅಪರಾಧದ ಕೇಸುಗಳು ಕಷ್ಟ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ವಿಚಾರಣೆ ಮುಚ್ಚಿದ ಬಾಗಿಲೊಳಗೆ. ವಕೀಲರು ಮಗುವಿಗೆ ನೇರ ಪ್ರಶ್ನೆ ಹಾಕುವ ಹಾಗಿಲ್ಲ, ಜಡ್ಜ್ ಮೂಲಕವೇ ಕೇಳಬೇಕು. ಆರೋಪಿ ಮಗುವಿಗೆ ಕಾಣಬಾರದು. ಎಲ್ಲರನ್ನೂ ಹೊರಗೆ ಕಳಿಸಿದ ಮೇಲೂ ಒಳಗೆ ಉಳಿಯುವ ಕೆಲವೇ ಜನರಲ್ಲಿ ಸ್ಟೆನೋ ಒಬ್ಬಳು. ಮಗು ಹೇಳುವುದನ್ನು ಕೇಳುತ್ತಾ ನಿನ್ನ ಮುಖದಲ್ಲಿ ಏನೂ ಕಾಣಬಾರದು. ಕಂಡರೆ ಮಗು ಮಾತು ನಿಲ್ಲಿಸಿಬಿಡುತ್ತದೆ. ಅಂಥ ದಿನ ನಾನು ಸಿಎಸ್‌ಟಿಯಿಂದ ಫಾಸ್ಟ್ ಲೋಕಲ್ ಬಿಟ್ಟು ಸ್ಲೋ ಹಿಡಿಯುತ್ತಿದ್ದೆ. ಪ್ರತಿ ಸ್ಟೇಷನ್ನಿನಲ್ಲೂ ನಿಲ್ಲುವ ಗಾಡಿ, ಸೊಪ್ಪು ಬಿಡಿಸುತ್ತಾ ಕೂತ ಹೆಂಗಸರು. ಡೊಂಬಿವಲಿ ಬರುವ ಹೊತ್ತಿಗೆ ಸ್ವಲ್ಪ ಹಗುರ. ಯಾರ ಹತ್ತಿರವೂ ವಿವರ ಹೇಳುವಂತಿಲ್ಲ, ಮಗುವಿನ ಗುರುತು ಹೊರಬೀಳಬಾರದು ಎಂದು ಕಾನೂನಿದೆ. ಜೊತೆಯ ಇಬ್ಬರು ಸ್ಟೆನೋಗಳು ಮತ್ತು ನಾನು ಕ್ಯಾಂಟೀನಿನಲ್ಲಿ ಸುಮ್ಮನೆ ಒಟ್ಟಿಗೆ ಕೂರುತ್ತಿದ್ದೆವು. ಸೈನಿಕರಿಗೆ, ಪೊಲೀಸರಿಗೆ ಕೌನ್ಸೆಲಿಂಗ್ ಬೇಕು ಎನ್ನುತ್ತಾರೆ. ಕೋರ್ಟ್ ಸಿಬ್ಬಂದಿಗೂ ಬೇಕು. ಇದನ್ನು ನಾನು ಕೆಲಸದಲ್ಲಿದ್ದಾಗಲೂ ಹೇಳಿದ್ದೇನೆ, ಈಗಲೂ ಹೇಳುತ್ತೇನೆ.

ಭಾಂಡುಪ್ ಹುಡುಗಿ

ಅಕ್ಕ, ಎರಡು ಸಲ ಓದಿದೆ. ಅಮ್ಮನಿಗೂ ಓದಿ ಹೇಳಿದೆ. ಕ್ಲಾಸಿನಲ್ಲಿ ಸರ್ 'ನಾಟ್' ಫ್ರೇಸ್‌ಗಳನ್ನು ಒಂದು ಪಾಠದಲ್ಲಿ ಮುಗಿಸಿಬಿಟ್ಟರು, ನಾಳೆಯಿಂದ ಅದನ್ನೇ ಬರೆದು ಬರೆದು ಗಟ್ಟಿ ಮಾಡುತ್ತೇನೆ. ಇನ್ನೊಂದು ಪ್ರಶ್ನೆ. ಸರ್ಕಾರಿ ಕೋರ್ಟ್ ಬಿಟ್ಟರೆ ಈ ವಿದ್ಯೆಗೆ ಬೇರೆ ಎಲ್ಲಿ ಕೆಲಸ ಇದೆ? ಮರಾಠಿ ಮಾತಾಡುತ್ತೇನೆ, ಬರವಣಿಗೆ ಅಷ್ಟಕ್ಕಷ್ಟೆ.

ಫೋರ್ಟ್ ಫ್ರೀಲ್ಯಾನ್ಸರ್

ಇದಕ್ಕೆ ನಾನು ಉತ್ತರಿಸಬಲ್ಲೆ. ನನ್ನ ಕೆಲಸ ಆರ್ಬಿಟ್ರೇಷನ್‌ಗಳಲ್ಲಿ. ಮುಂಬಯಿಯಲ್ಲಿ ದೊಡ್ಡ ಕಂಪನಿಗಳ ಜಗಳ ಎಷ್ಟೋ ಕೋರ್ಟಿನ ಹೊರಗೇ ಮಧ್ಯಸ್ಥರ ಮುಂದೆ ನಡೆಯುತ್ತದೆ. 2016ರಲ್ಲಿ ಇಲ್ಲಿ ಅಂತರರಾಷ್ಟ್ರೀಯ ಆರ್ಬಿಟ್ರೇಷನ್ ಸೆಂಟರ್ ಕೂಡ ಶುರುವಾಯಿತು. ನೀವು ಯೂಟ್ಯೂಬ್‌ನಲ್ಲಿ ನೋಡಿದ ತರಹದ ಕೆಲಸ ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಇಲ್ಲೇ. ಪ್ರಶ್ನೆ, ಉತ್ತರ, ಅಡ್ಡಮಾತು ಎಲ್ಲವೂ ಆಡಿದ ಹಾಗೇ ಬೇಕು. ಮಾತು ಲ್ಯಾಪ್‌ಟಾಪ್ ಪರದೆ ಮೇಲೆ ಆಗಲೇ ಕಾಣಬೇಕು. ಸಂಜೆ ಅದರ ಪ್ರತಿ ಎರಡೂ ಕಡೆಗೆ ಹೋಗುತ್ತದೆ, ಅವರು ತಿದ್ದುಪಡಿ ಪಟ್ಟಿ ಕಳಿಸುತ್ತಾರೆ.

ಆ ಸಣ್ಣ ಯಂತ್ರಕ್ಕೆ 22 ಕೀಲಿ ಇರುತ್ತವೆ, ಹಲವನ್ನು ಒಟ್ಟಿಗೆ ಒತ್ತಿದರೆ ಒಂದು ಉಚ್ಚಾರ ಬೀಳುತ್ತದೆ. ಅಮೆರಿಕದಲ್ಲಿ ವೃತ್ತಿ ಪ್ರಮಾಣಪತ್ರಕ್ಕೆ ಪ್ರಶ್ನೋತ್ತರದಲ್ಲಿ ನಿಮಿಷಕ್ಕೆ 225 ಪದ ಬೇಕು. ನಮ್ಮಲ್ಲಿ ಅದನ್ನು ಬಲ್ಲವರು ಬಹಳ ಕಡಿಮೆ. ಹೆಚ್ಚಿನವರು ವೇಗದ ಟೈಪಿಂಗ್, ಆಡಿಯೋ, ಸಾಫ್ಟ್‌ವೇರ್ ಮೂರನ್ನೂ ಸೇರಿಸಿಕೊಂಡು ಮಾಡುತ್ತಾರೆ.

ಕೆಲಸದ ಹಿಂದಿನ ದಿನವೇ ಅರ್ಧ ಶ್ರಮ. ಹಡಗಿನ ಕೇಸಾದರೆ ಹಡಗಿನ ಹೆಸರು, ಬಂದರು, ಸರಕಿನ ಪದಗಳು. ಮೆಟ್ರೋ ಸುರಂಗದ ಕೇಸಾದರೆ ಇಂಜಿನಿಯರ್‌ಗಳ ಪದಗಳು. ಪಟ್ಟಿ ಮಾಡಿ ಸಾಫ್ಟ್‌ವೇರ್‌ಗೆ ತುಂಬಿಸಬೇಕು. ಹಣ ದಿನದ ಲೆಕ್ಕದಲ್ಲಿ, ಪರವಾಗಿಲ್ಲ. ಆದರೆ ತಿಂಗಳುಗಟ್ಟಲೆ ಏನೂ ಇಲ್ಲದೆಯೂ ಇರಬಹುದು. ಪಿಎಫ್ ಇಲ್ಲ, ರಜೆ ಇಲ್ಲ.

ಇನ್ನು ವಿಧಾನ ಭವನದ ವರದಿಗಾರರ ಹುದ್ದೆಗಳಿವೆ. ಸದನದ ಮಾತೆಲ್ಲ ಅಕ್ಷರಶಃ ಬೇಕು, ಸರದಿ ಪ್ರಕಾರ ಒಬ್ಬರಾದ ಮೇಲೊಬ್ಬರು ಒಳಗೆ ಹೋಗಿ ಸ್ವಲ್ಪ ಹೊತ್ತು ಬರೆದುಕೊಂಡು ಹೊರಗೆ ಬಂದು ಟೈಪ್ ಮಾಡುತ್ತಾರೆ. ಕಿವಿ ಕೇಳದ ವಿದ್ಯಾರ್ಥಿಗಳಿಗೆ ಕ್ಲಾಸಿನಲ್ಲಿ ಮಾತನ್ನು ಆಗಲೇ ಅಕ್ಷರ ಮಾಡಿ ತೋರಿಸುವ ಕೆಲಸವೂ ಇದೆ. ಹೊರದೇಶಗಳಲ್ಲಿ ಕೋರ್ಟ್ ರಿಪೋರ್ಟರ್‌ಗಳು ಅದನ್ನು ಬಹಳ ಮಾಡುತ್ತಾರೆ. ನಮ್ಮಲ್ಲಿ ಇನ್ನೂ ಬೆಳೆಯಬೇಕು. ನನಗೆ ಅದರಲ್ಲಿ ತುಂಬಾ ಆಸೆ ಇದೆ.

ಪುಣೆ ವಕೀಲ

ಶಿವಾಜಿನಗರ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ಊರು ಧಾರವಾಡ. ಅಕ್ಕ ಹೇಳಿದ್ದಕ್ಕೆ ವಕೀಲರ ಕಡೆಯಿಂದ ಒಂದು ಸೇರಿಸುತ್ತೇನೆ. ಅಪೀಲಿನಲ್ಲಿ ಹೈಕೋರ್ಟ್ ಜಡ್ಜ್ ಸಾಮಾನ್ಯವಾಗಿ ಸಾಕ್ಷಿಯ ಮುಖ ನೋಡುವುದಿಲ್ಲ. ಅವರ ಮುಂದೆ ಇರುವುದು ಪೇಪರ್ ಬುಕ್, ಅಂದರೆ ಕೆಳಗಿನ ಕೋರ್ಟಿನ ದಾಖಲೆಗಳ ಕಟ್ಟು. ಅದರಲ್ಲಿ ಇಲ್ಲದ ಮಾತು ನಾವು ಎಷ್ಟೇ ಕೂಗಿದರೂ ಇಲ್ಲವೇ. ಆದ್ದರಿಂದ ನನ್ನ ಜೂನಿಯರ್‌ಗಳಿಗೆ ಹೇಳುತ್ತೇನೆ: ಮುಖ್ಯವಾದ ಪ್ರಶ್ನೆಯಿದ್ದರೆ ಪ್ರಶ್ನೆ-ಉತ್ತರವಾಗಿಯೇ ದಾಖಲಿಸಿ ಎಂದು ಅಲ್ಲೇ ಕೇಳಿ. ಡಿಕ್ಟೇಷನ್ ನಡೆಯುವಾಗ ನಡುವೆ ಬಾಯಿ ಹಾಕಬೇಡಿ. ಸ್ಟೆನೋ ಬರೆದು ಮುಗಿಸುವವರೆಗೆ ಮುಂದಿನ ಪ್ರಶ್ನೆ ಎಸೆಯಬೇಡಿ.

ಠಾಣೆ ಟೆಕ್ ಅವರಿಗೆ: ಯಂತ್ರ ಬರೆದದ್ದನ್ನು ಯಾರು ಸರಿ ಎಂದು ಒಪ್ಪಿ ಸಹಿ ಹಾಕುತ್ತಾರೆ ಎಂಬುದು ನನ್ನ ಪ್ರಶ್ನೆ.

ಕಾಲಾಘೋಡಾ ಅಕ್ಕ

ವಕೀಲ್ ಸಾಹೇಬರ ಪ್ರಶ್ನೆ ಸರಿಯಾದ ಪ್ರಶ್ನೆ. ಠಾಣೆಯ ತಮ್ಮನ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಯಂತ್ರ ಬರಲಿ. ಜಡ್ಜ್ ಮೈಕಿನ ಮುಂದೆ ನಿಧಾನವಾಗಿ ಇಂಗ್ಲಿಷಿನಲ್ಲಿ ಡಿಕ್ಟೇಟ್ ಮಾಡಿದರೆ ಯಂತ್ರ ಚೆನ್ನಾಗಿ ಬರೆಯುತ್ತದೆ, ಸ್ಟೆನೋಳ ಬೆನ್ನು, ಮಣಿಕಟ್ಟು ಉಳಿಯುತ್ತದೆ. ಆಡಿಯೋ-ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಆ ಅಜ್ಜಿಯಂಥವರು ಏನು ಹೇಳಿದರು ಎಂದು ನಾಳೆ ಯಾರು ಬೇಕಾದರೂ ತಿರುಗಿ ಕೇಳಬಹುದು. ಕೋರ್ಟುಗಳಲ್ಲಿ ರೆಕಾರ್ಡಿಂಗ್ ಬೇಕು ಎಂದು ನಾನು ಖಂಡಿತ ಹೇಳುತ್ತೇನೆ.

ಆದರೆ ಒಂದೇ ವಾಕ್ಯದಲ್ಲಿ ಹಿಂದಿ, ಮರಾಠಿ, ಇಂಗ್ಲಿಷ್ ಮೂರೂ ಬರುವ ಊರು ನಮ್ಮದು. ಸಾಕ್ಷಿ ಭೋಜ್‌ಪುರಿಯವನಿರಬಹುದು, ನಮ್ಮ ಉಡುಪಿ ಹೋಟೆಲಿನ ತುಳು ಹುಡುಗ ಇರಬಹುದು. ಅವನು ತಲೆ ಆಡಿಸಿದರೆ ಹೌದೋ ಅಲ್ಲವೋ ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಇಬ್ಬರು ವಕೀಲರು ಒಟ್ಟಿಗೆ ಮಾತಾಡಿದಾಗ 'ಸರ್, ಒಬ್ಬೊಬ್ಬರಾಗಿ' ಎಂದು ಹೇಳುವವರು ಬೇಕು. ಬರೆದದ್ದನ್ನು ಸಾಲುಸಾಲಾಗಿ ಪರೀಕ್ಷಿಸಿ ಸಾಕ್ಷಿಗೆ ಓದಿ ಹೇಳುವವರು ಬೇಕು. ಯಂತ್ರ ಬಂತು ಎಂದು ನೇಮಕಾತಿ ನಿಲ್ಲಿಸಿದರೆ, ತಪ್ಪು ಹುಡುಕುವ ಕಿವಿಗಳೇ ಕೋರ್ಟಿನಲ್ಲಿ ಉಳಿಯುವುದಿಲ್ಲ. ನನ್ನ ಚಿಂತೆ ಇದು.

ನಿನ್ನ ಅಣ್ಣನಿಗೆ ಒಂದು ಕೆಲಸ ಹೇಳು. ಯಾವತ್ತಾದರೂ ಓವಲ್ ಮೈದಾನದ ಎದುರಿನ ಬಾಂಬೆ ಹೈಕೋರ್ಟಿಗೆ ಹೋಗಿ, ಒಳಗೆ ಬಿಟ್ಟರೆ 46ನೇ ನಂಬರಿನ ಕೋರ್ಟ್ ಹತ್ತಿರದ ಕಲ್ಲಿನ ಫಲಕ ಓದಲಿ. 1908ರಲ್ಲಿ ಜ್ಯೂರಿ ಲೋಕಮಾನ್ಯ ತಿಲಕರನ್ನು ರಾಜದ್ರೋಹದ ಅಪರಾಧಿ ಎಂದಿತು, ಜಸ್ಟಿಸ್ ದಾವರ್ ಆರು ವರ್ಷ ಗಡೀಪಾರು ವಿಧಿಸಿದರು. ಜ್ಯೂರಿ ಏನೇ ಹೇಳಲಿ ನಾನು ನಿರಪರಾಧಿ ಎಂದು ತಿಲಕರು ಆಗ ಆಡಿದ ಮಾತು ಅಲ್ಲಿದೆ. ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ 1956ರಲ್ಲಿ ಆ ಫಲಕ ಅನಾವರಣ ಮಾಡಿದರು. ತೀರ್ಪು ಕೊಟ್ಟ ಕೋರ್ಟೇ ಅರ್ಧ ಶತಮಾನ ಬಿಟ್ಟು ಆ ಮಾತನ್ನು ಗೋಡೆಗೆ ಹಾಕಬಲ್ಲದಾದರೆ, ಅವತ್ತು ಆ ಹಾಲ್‌ನಲ್ಲಿ ಕೂತು ಬರೆದುಕೊಂಡವರು ಇದ್ದರು ಎಂದೇ ಅರ್ಥ. ಆ ವಿಚಾರಣೆಯ ಮಾತೆಲ್ಲ ಅದೇ ವರ್ಷ ಅಕ್ಷರಶಃ ಅಚ್ಚಾಗಿ ಹೊರಬಂದಿತು. ಬರೆದವರ ಹೆಸರು ನಮ್ಮಲ್ಲಿ ಯಾರ ಬಾಯಲ್ಲೂ ಇಲ್ಲ. ಈಗ ಹೈಕೋರ್ಟಿನ ಆದೇಶಗಳ ಪುಟದಲ್ಲಿ ಸ್ಟೆನೋ ಹೆಸರು ಸಣ್ಣ ಅಕ್ಷರದಲ್ಲಿ ಇರುವುದುಂಟು. ಅದನ್ನು ನೋಡಿದರೆ ನನಗೆ ಖುಷಿಯಾಗುತ್ತದೆ.

ಈಗ ನಿನ್ನ ತಯಾರಿಗೆ ಬರುತ್ತೇನೆ. ಮರಾಠಿ ಬರವಣಿಗೆ ಅಷ್ಟಕ್ಕಷ್ಟೆ ಎಂದು ಬಿಡಬೇಡ. ಮಹಾರಾಷ್ಟ್ರದ ಕೋರ್ಟಿನಲ್ಲಿ ಕೆಲಸಕ್ಕೆ ಮರಾಠಿ ಬೇಕೇ ಬೇಕು, ಜಿಲ್ಲಾ ಕೋರ್ಟುಗಳಲ್ಲಿ ಕಾಗದಪತ್ರವೇ ಮರಾಠಿಯಲ್ಲಿ. ದಿನಾ ಒಂದು ಮರಾಠಿ ಪೇಪರ್ ಓದು, ಅರ್ಧ ಪುಟ ಕೈಯಲ್ಲಿ ಬರೆ. ಇಂಗ್ಲಿಷ್ 100 ಆದ ಮೇಲೆ ನಿಲ್ಲಿಸದೆ 120ಕ್ಕೆ ಹೋಗು, ಹೈಕೋರ್ಟಿನ ಮೇಲಿನ ಹುದ್ದೆಗಳಿಗೆ ಅದು ಬೇಕಾಗುತ್ತದೆ. ಕಂಪ್ಯೂಟರ್ ಟೈಪಿಂಗ್ ಇಂಗ್ಲಿಷ್, ಮರಾಠಿ ಎರಡರ ಸರ್ಟಿಫಿಕೇಟನ್ನೂ ತೆಗೆದಿಡು.

ಡಿಕ್ಟೇಷನ್‌ಗೆ ಪೇಪರಿನ ಸಂಪಾದಕೀಯ ಬೇಡ. ಬಾಂಬೆ ಹೈಕೋರ್ಟ್ ವೆಬ್‌ಸೈಟಿನಲ್ಲಿ ತೀರ್ಪುಗಳು ಪುಕ್ಕಟೆ ಸಿಗುತ್ತವೆ, ಅಮ್ಮನೋ ಅಣ್ಣನೋ ಓದಲಿ. ಅಣ್ಣನೇ ಓದಿದರೆ ಒಳ್ಳೆಯದು, ನಿಮ್ಮ ಜಗಳವೂ ಅಲ್ಲೇ ಮುಗಿಯಬಹುದು. ಫ್ಯಾನ್ ಜೋರಾಗಿ ಹಾಕಿ, ಟಿವಿ ಸಣ್ಣಗೆ ಹಚ್ಚಿಟ್ಟು ಬರೆದುಕೋ. ಬರೆದ ನೋಟನ್ನು ಅವತ್ತೇ ಓದಬೇಡ. ಮೂರು ದಿನ ಬಿಟ್ಟು ತೆರೆದು ಜೋರಾಗಿ ಓದು. ಆಗ ಎಡವಿದ ಕಡೆಯೇ ನಿನ್ನ ಗೆರೆ ಸಡಿಲ ಇರುವ ಜಾಗ.

ಪರೀಕ್ಷೆಯ ದಿನ ನಾಲ್ಕು ಪೆನ್ಸಿಲ್ ಚೂಪು ಮಾಡಿ ಒಯ್ಯಿ. ಮೊನೆ ಮುರಿದರೆ ಕೆತ್ತಲು ಹೋಗಬೇಡ, ಇನ್ನೊಂದು ಎತ್ತಿಕೋ. ಭಾನುವಾರ ಬೆಳಿಗ್ಗೆ ನನಗೆ ಪುರುಸೊತ್ತು ಇರುತ್ತದೆ. ಇಲ್ಲೇ ಖಾಸಗಿ ಸಂದೇಶ ಹಾಕು, ಫೋನಿನಲ್ಲಿ ಡಿಕ್ಟೇಷನ್ ಕೊಡುತ್ತೇನೆ. ಮೊದಲು ಕ್ರಾಸ್‌ನಿಂದ ಶುರು ಮಾಡೋಣ.